ಒಂದೇ ಮನೆಯ ಇಬ್ಬರು ಹೆರ್ದೀಸ್

ಆಸ್ಮುಂಡುರನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಹೆರ್ದೀಸ್ ಎಂದೇ ಹೆಸರು. ಇಲ್ಲಿ ಡಕೋಟಾದಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಇದೊಂದು ತಮಾಷೆ. ಚರ್ಚು ಬಿಟ್ಟ ಮೇಲೆ ಕಾಫಿಗೆ ಕೂತಾಗ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ: "ಓಡ್ನಿ ಅಜ್ಜಿ, ಅವ್ರಿಗೆ ಬೇರೆ ಹೆಸರೇ ಸಿಗ್ಲಿಲ್ವಾ? ಐಸ್‌ಲ್ಯಾಂಡಲ್ಲಿ ಹೆಸರಿಗೂ ಬರಗಾಲ ಬಂದಿತ್ತಾ?" ಮೊದಮೊದಲು ನಾನು ಬೈದು ಕಳಿಸುತ್ತಿದ್ದೆ. ಈಗ ಆಸ್ಮುಂಡುರನೂ ಇಲ್ಲ, ಅವನ ಹೆಂಡತಿ ಸಿಗ್ನಿಯೂ ಇಲ್ಲ. ಬಾಯಿಗೆ ಬಂದ ಹಾಗೆ ಕತೆ ಕಟ್ಟುವವರು ಮಾತ್ರ ಹೆಚ್ಚಾಗಿದ್ದಾರೆ. ಮೊನ್ನೆ ಒಬ್ಬಳು, ಹಿರಿಯ ಹೆರ್ದೀಸ್ ಆಸ್ಮುಂಡುರನಿಗೆ ಹೊರಗೆ ಹುಟ್ಟಿದವಳಂತೆ ಎಂದು ನನ್ನೆದುರಿಗೇ ಅಂದಳು. ಕೈಯಲ್ಲಿದ್ದ ಬಿಸಿ ಕಾಫಿಯನ್ನು ಅವಳ ಮಡಿಲಿಗೆ ಸುರಿಯೋಣ ಅನ್ನಿಸಿತು. ಚರ್ಚಿನೊಳಗಿದ್ದೆ, ಬಟ್ಟಲು ಕೆಳಗಿಟ್ಟೆ. ಆದರೆ ನಾನು ಕಣ್ಣು ಮುಚ್ಚಿದ ಮೇಲೆ ಇಂಥವರ ಮಾತೇ ಉಳಿದುಬಿಡುತ್ತದೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಅವರೂ ನಾವೂ ಐಸ್‌ಲ್ಯಾಂಡಿನಿಂದ ಒಂದೇ ಹಡಗಿನಲ್ಲಿ ಬಂದವರು. ಬೇಸಿಗೆ ಬಂದರೂ ಸಮುದ್ರದ ಹಿಮಗಡ್ಡೆ ನಮ್ಮ ವೋಪ್ನ ಕೊಲ್ಲಿಯಿಂದ ಕದಲದಿದ್ದ ವರ್ಷ ಅದು. ಹುಲ್ಲು ಚಿಗುರಲಿಲ್ಲ, ಕುರಿಗಳು ಕೊಟ್ಟಿಗೆಯಲ್ಲೇ ಸತ್ತವು. ಸಾಲದ್ದಕ್ಕೆ ಮನೆಮನೆಯಲ್ಲೂ ದಡಾರ. ಆಸ್ಮುಂಡುರ್ ಮತ್ತು ಅವನ ಹೆಂಡತಿ ಸಿಗ್ನಿ ಇದ್ದಬದ್ದದ್ದನ್ನೆಲ್ಲ ಮಾರಿ ಮೂವರಿಗೆ ಹಡಗಿನ ಚೀಟಿ ಕೊಂಡಿದ್ದರು. ಮೂರನೆಯವಳು ಮಗಳು ಹೆರ್ದೀಸ್, ಆಗ ನಾಲ್ಕು ವರ್ಷದ ಕೂಸು. ಹಡಗು ಬರುವುದು ತಡವಾಗಿ ಎಲ್ಲರೂ ದಂಡೆಯ ಗೋದಾಮಿನಲ್ಲಿ ಮಲಗಿ ಕಾಯುತ್ತಿದ್ದಾಗ ಮಗುವಿನ ಮೈಮೇಲೆ ಕೆಂಪು ಗುಳ್ಳೆಗಳು ಎದ್ದವು. ಹಡಗಿನ ವೈದ್ಯ ಏಣಿಯ ಬುಡದಲ್ಲಿ ನಿಂತು ಅವಳ ಕಿವಿಯ ಹಿಂದೆ ನೋಡಿದ, ತಲೆಯಾಡಿಸಿದ. ದೊಡ್ಡವರು ಹತ್ತಬಹುದು, ಮಗು ಹತ್ತುವ ಹಾಗಿಲ್ಲ ಎಂದ.

ಮೂವರೂ ಉಳಿದುಬಿಡಬಹುದಿತ್ತಲ್ಲ ಎಂದು ಈಗ ಬೆಚ್ಚಗೆ ಕೂತು ಕೇಳುವವರಿದ್ದಾರೆ. ಎಲ್ಲಿ ಉಳಿಯುವುದು? ಮನೆ ಬೇರೆಯವರ ಪಾಲಾಗಿತ್ತು, ಹಸು ಬೇರೆಯವರ ಕೊಟ್ಟಿಗೆ ಸೇರಿತ್ತು. ಅವರನ್ನು ಬೀಳ್ಕೊಡಲು ಆಸ್ಮುಂಡುರನ ಅಕ್ಕ ಯೋರುನ್ ಬಂದಿದ್ದಳು. "ಕೊಡೇ ಇಲ್ಲಿ," ಎಂದು ಅವಳು ಮಗುವನ್ನು ತನ್ನ ಶಾಲಿನೊಳಗೆ ಸುತ್ತಿಕೊಂಡಳು. "ಮುಂದಿನ ಬೇಸಿಗೆ ಹಡಗಿಗೆ ಕಳಿಸ್ತೀನಿ. ಅಷ್ಟರಲ್ಲಿ ತಿಂದುಂಡು ಇನ್ನೂ ದುಂಡಗಾಗಿರ್ತಾಳೆ ನೋಡು." ಮಗು ಜ್ವರದ ಮಂಪರಿನಲ್ಲಿತ್ತು, ಅಳಲೂ ಇಲ್ಲ. ಹಡಗು ಹೊರಟ ಮೇಲೆ ಸಿಗ್ನಿ ಹಡಗಿನ ಅಂಚಿನ ಕಂಬಿ ಹಿಡಿದು ನಿಂತವಳು, ಊಟಕ್ಕೂ ಒಳಗೆ ಬರಲಿಲ್ಲ. ಕೊನೆಗೆ ನಾನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರೆದುಕೊಂಡು ಬರಬೇಕಾಯಿತು.

ಮುಂದಿನ ಬೇಸಿಗೆ ಎಂದರೆ ಏನೆಂದು ನಮಗೆ ಆಗ ಗೊತ್ತಿರಲಿಲ್ಲ. ಬಂದ ವರ್ಷ ಮಣ್ಣುಹೆಂಟೆಯ ಗುಡಿಸಲಲ್ಲಿ ಚಳಿಗಾಲ ಕಳೆದೆವು. ಮರುವರ್ಷ ಕಾಡುಕಿಚ್ಚು ಬಂದು ಆಸ್ಮುಂಡುರ್ ಕುಯ್ದಿಟ್ಟಿದ್ದ ಹುಲ್ಲನ್ನೆಲ್ಲ ನುಂಗಿತು, ಮಗುವಿನ ಚೀಟಿಗೆ ಕಾಸು ಉಳಿಯಲಿಲ್ಲ. ಕಿಚ್ಚು ಕಂಡೇ ಅರಿಯದ ನಾವು ಬಕೆಟ್ಟು ಹಿಡಿದು ಅದರ ಹಿಂದೆ ಓಡಿದೆವು. ಪಕ್ಕದ ನಾರ್ವೆಯವನು ತನ್ನ ಹೊಲದಲ್ಲಿ ನಿಂತು ನಕ್ಕ. ಆಮೇಲೆ ಅವನೇ ಬಂದು, ಕಿಚ್ಚು ದಾಟದ ಹಾಗೆ ಮನೆ ಸುತ್ತ ಒಂದು ಪಟ್ಟೆ ಉತ್ತಿಡಬೇಕು ಎಂದು ಹೇಳಿಕೊಟ್ಟ. ಆಸ್ಮುಂಡುರನಿಗೆ ಇಲ್ಲಿಯ ಮರಗಳನ್ನು ಕಂಡರೆ ಆಗುತ್ತಿರಲಿಲ್ಲ. ನೋಟಕ್ಕೆ ಅಡ್ಡ ಎಂದು ಮನೆಯ ಪಕ್ಕದ ಓಕ್ ಮರಗಳನ್ನು ಒಂದೂ ಬಿಡದೆ ಕಡಿದು ಹಾಕಿದ. "ಈಗ ಏನು ಕಾಣ್ಸುತ್ತೋ ನಿಂಗೆ?" ಎಂದು ನಾನು ರೇಗಿಸಿದ್ದೆ. ಅವನು ಬಹಳ ಹೊತ್ತು ಪೂರ್ವದ ಕಡೆ ನೋಡಿ, "ಗೋಧಿ," ಎಂದ. ಆಸ್ಮುಂಡುರನ ಮಾತೇ ಹಾಗೆ, ಒಂದಕ್ಕೆ ಒಂದು.

ಸಿಗ್ನಿ ಮಾತ್ರ ಬೇಸಿಗೆ ಬಂತೆಂದರೆ ರಸ್ತೆ ಸೇರುವ ಕಡೆ ಹೋಗಿ ನಿಲ್ಲುತ್ತಿದ್ದಳು. ಊರಿನಿಂದ ಹೊಸಬರು ಬಂದರೆ ಅವರ ಗಂಟುಮೂಟೆ ಇಳಿಸುವುದಕ್ಕೂ ಬಿಡದೆ ಯೋರುನ್ ವಿಷಯ ಕೇಳುತ್ತಿದ್ದಳು. ಮೊದಲ ವರ್ಷ ಮಗು ಚೆನ್ನಾಗಿದೆ ಎಂಬ ಸುದ್ದಿ ಬಂತು. ಎರಡನೆಯ ವರ್ಷ ಬಂದವನೊಬ್ಬ, ಯೋರುನಳ ಮನೆಯ ಗೋಡೆ ಕುಸಿದಿದೆ, ಚಿಮಣಿಯಲ್ಲಿ ಹೊಗೆಯಿಲ್ಲ, ಆ ಮನೆಯವರು ಏನಾದರೋ ತಿಳಿಯದು, ಆ ಕಣಿವೆಯಲ್ಲಿ ಚಳಿಗಾಲಕ್ಕೆ ಎಷ್ಟೋ ಮಕ್ಕಳು ಸತ್ತವು ಎಂದ. ಆಸ್ಮುಂಡುರ್ ಅಲ್ಲಿಯ ಪಾದ್ರಿಗೆ ಬರೆದ. ಪಾದ್ರಿಯಿಂದ ಉತ್ತರ ಬರಲಿಲ್ಲ.

ಆ ಚಳಿಗಾಲ ಸಿಗ್ನಿ ಮತ್ತೆ ಬಸುರಿಯಾಗಿದ್ದಳು. ಒಂದು ಬೆಳಿಗ್ಗೆ, ಹೊರಗೆ ಮೂಗು ಕತ್ತರಿಸುವಂಥ ಚಳಿ, ನಾನು ಉಣ್ಣೆ ಹಿಂಜುತ್ತ ಕೂತಿದ್ದೆ. ಸಿಗ್ನಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ತಲೆಗೆ ಏನೂ ಕಟ್ಟಿರಲಿಲ್ಲ.

"ಓಡ್ನಿ, ನಿನ್ನೆ ಹೆರ್ದೀಸ್ ಬಂದಿದ್ಲು," ಎಂದಳು. "ಬಾಗಿಲಲ್ಲಿ ನಿಂತಿದ್ಲು. ಕಾಲೆಲ್ಲ ಒದ್ದೆ."

ನಾನು ಉಣ್ಣೆಯನ್ನು ಪಕ್ಕಕ್ಕಿಟ್ಟೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಯ ಕನಸಿಗೆ ಬಂದು ನಿಲ್ಲುವವರು ಸತ್ತವರು. ಅವರು ಬರುವುದು ಹುಟ್ಟುವ ಮಗುವಿಗೆ ತಮ್ಮ ಹೆಸರಿಡಿ ಎಂದು ಕೇಳುವುದಕ್ಕೆ. ಕೊಡದೆ ಹೋದರೆ ಆ ಮಗುವಿಗೆ ಏಳಿಗೆಯಿಲ್ಲ. ನನ್ನ ಅಣ್ಣನಿಗೆ ಇದ್ದದ್ದು ಸಮುದ್ರದಲ್ಲಿ ಮುಳುಗಿದ ಯಾವನೋ ದೋಣಿಯವನ ಹೆಸರು. ಅವನು ಯಾರು ಎತ್ತ ಎಂದೇ ನಮ್ಮಮ್ಮನಿಗೆ ಗೊತ್ತಿರಲಿಲ್ಲ. ಮೈಯಿಂದ ನೀರು ತೊಟ್ಟಿಕ್ಕಿಸುತ್ತ ಬಂದು ನಿಂತ, ಪಾಪ, ಕೊಟ್ಟುಬಿಟ್ಟೆ ಎನ್ನುತ್ತಿದ್ದಳು. ಇವೆಲ್ಲ ಯಾರೂ ಹೇಳಿಕೊಟ್ಟು ಬಂದದ್ದಲ್ಲ, ತಾಯಿಯ ಹಾಲಿನ ಜೊತೆಗೇ ಒಳಗಿಳಿದದ್ದು.

ನಾನು ಸಿಗ್ನಿಯನ್ನು ಒಲೆಯ ಹತ್ತಿರ ಕೂರಿಸಿದೆ. ಆ ದಿನ ಅವಳು ಅತ್ತದ್ದನ್ನು ನಾನು ಹೇಳಲಾರೆ, ಹೇಳಬಾರದು ಕೂಡ.

ಆಸ್ಮುಂಡುರ್ ಒಪ್ಪಲಿಲ್ಲ. "ಕನಸು ಅಷ್ಟೆ," ಎಂದ. "ಇನ್ನೊಂದ್ಸಲ ಪಾದ್ರಿಗೆ ಬರೀತೀನಿ."

"ಬರೀಬೇಡ," ಎಂದಳು ಸಿಗ್ನಿ. "ಅವಳೇ ಅಷ್ಟು ದೂರದಿಂದ ಬಂದು ಹೇಳಿ ಹೋದ್ಮೇಲೆ ಇನ್ಯಾರನ್ನ ಕೇಳ್ತೀಯ? ನನ್ನ ಗಾಯ ಕೆರೀಬೇಡ ಕಣೋ."

ಅವನು ಬರೆಯಲಿಲ್ಲ. ವಸಂತದಲ್ಲಿ ಹೆಣ್ಣುಮಗು ಹುಟ್ಟಿತು, ಹೆರಿಗೆ ಮಾಡಿಸಿದವಳು ನಾನೇ. ದೀಕ್ಷಾಸ್ನಾನದ ದಿನ ಪಾದ್ರಿ ಹೆಸರೇನು ಎಂದು ತಂದೆಯನ್ನು ಕೇಳಿದರು. ಆಸ್ಮುಂಡುರ್ ಬಾಯಿ ಬಿಡಲಿಲ್ಲ. ಪಾದ್ರಿ ಮತ್ತೆ ಕೇಳಿದರು. ಅವನು ತನ್ನ ಬೂಟುಗಳನ್ನೇ ನೋಡುತ್ತ ನಿಂತುಬಿಟ್ಟ. ಕೊನೆಗೆ ಸಿಗ್ನಿಯೇ "ಹೆರ್ದೀಸ್" ಎಂದಳು, ಚರ್ಚಿನ ಕೊನೆಯ ಬೆಂಚಿಗೂ ಕೇಳುವ ಹಾಗೆ.

ಆ ಕೂಸು ಎರಡು ಬಾಲ್ಯಗಳನ್ನು ಹೊತ್ತುಕೊಂಡು ಬೆಳೆಯಿತು. ಅವಳು ಕುರಿಮರಿಯ ಹಿಂದೆ ಓಡಿದರೆ, "ಮೊದ್ಲೂ ಹೀಗೇ ಓಡ್ತಿದ್ದೆ ನೀನು," ಎನ್ನುತ್ತಿದ್ದಳು ಸಿಗ್ನಿ. ಗಟ್ಟಿ ಮೊಸರಿಗೆ ಮುಖ ಸಿಂಡರಿಸಿದರೆ, "ಅಲ್ಲಿ ಬಟ್ಟಲು ನೆಕ್ತಿದ್ದೆ, ಇಲ್ಲಿ ಬಂದು ಜಂಭ," ಎಂದು ಗದರುವಳು. ಮಗುವಿಗೂ ಅದೇ ಅಭ್ಯಾಸವಾಗಿ, ತಾನು ಕಂಡೇ ಇಲ್ಲದ ಕೊಲ್ಲಿಯ ಬಗ್ಗೆ ನನಗೇ ವರ್ಣಿಸುತ್ತಿದ್ದಳು. ನನಗೆ ಇದು ಸರಿ ಕಾಣುತ್ತಿರಲಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದೆ, "ಇರೋ ಮಗೂನ ಇರೋ ಹಾಗೆ ನೋಡೇ." ಸಿಗ್ನಿ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ಹಾಗಿದ್ದರೂ ವರ್ಷಕ್ಕೊಮ್ಮೆ, ದಂಡೆಯಲ್ಲಿ ಮಗುವನ್ನು ಬಿಟ್ಟುಬಂದ ದಿನ ಬಂದಾಗ, ಅವಳೇ ನನ್ನ ಮನೆಗೆ ಬಂದು ಕೂತು, "ಇದ್ದಿದ್ರೆ ಈಗ ಹನ್ನೆರಡು ತುಂಬಿರೋದು," ಎನ್ನುವಳು. ಮರುವರ್ಷ, "ಇದ್ದಿದ್ರೆ ಉದ್ದ ಲಂಗ ಹೊಲಿಸ್ಬೇಕಿತ್ತು," ಎನ್ನುವಳು. ಒಬ್ಬಳನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಬ್ಬಳಿಗಾಗಿ ಹಂಬಲಿಸುವ ತಾಯಿಯನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು, ಆದರೂ ಕಾಫಿ ಕಾಸಿ ಕೊಡುತ್ತಿದ್ದೆ.

ಹೀಗಿರುವಾಗ ಒಂದು ವರ್ಷ ಗೋಧಿ ಬಡಿಯುವ ಕೆಲಸಕ್ಕೆ ಇಲ್ಲುಗಿ ಎಂಬ ಹುಡುಗ ಬಂದ. ಆಗಷ್ಟೇ ಹಡಗಿಳಿದವನು, ನಮ್ಮ ಕಣಿವೆಯವನು. ನಮ್ಮ ಮನೆಯಲ್ಲೇ ಊಟ ತಿಂಡಿ. ಒಂದು ದಿನ ಸಕ್ಕರೆ ಉಂಡೆ ಹಲ್ಲಲ್ಲಿ ಕಚ್ಚಿಕೊಂಡು ಕಾಫಿ ಹೀರುತ್ತ ಊರ ಸುದ್ದಿ ಹೇಳುತ್ತಿದ್ದ. ಆ ಹೊತ್ತಿಗೇ ನಮ್ಮ ಹೆರ್ದೀಸ್ ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಳು. "ಬಾರೇ ಹೆರ್ದೀಸ್," ಎಂದು ನಾನು ಕರೆದೆ.

"ಊರಲ್ಲಿ ನಮ್ಮ ಜೊತೆ ಕೂಲಿಗಿದ್ಲಲ್ಲ, ಅವಳ ಹೆಸರೂ ಹೆರ್ದೀಸ್," ಎಂದ ಇಲ್ಲುಗಿ. "ಗದ್ದದ ಮೇಲೆ ಕೆಂಡ ಬಿದ್ದು ಸುಟ್ಟ ಗುರುತು. ಅವ್ರಪ್ಪ ಅಮ್ಮ ಈ ಕಡೇನೇ ಎಲ್ಲೋ ಇದಾರಂತೆ. ಆಸ್ಮುಂಡುರ್ ಅಂತ ಅವ್ರಪ್ಪ."

ಆ ಕೆಂಡ ಬಿದ್ದಾಗ ಗಾಯಕ್ಕೆ ಬೆಣ್ಣೆ ಸವರಿದವಳು ನಾನು. "ಆ ಹುಡುಗಿ ಸತ್ತು ಹತ್ತು ವರ್ಷ ಆಯ್ತು," ಎಂದೆ.

ಇಲ್ಲುಗಿ ನಕ್ಕುಬಿಟ್ಟ. "ಹೊರಡೋ ಮುಂಚೆ ನನ್ನ ಕಾಲುಚೀಲ ಹೆಣೆದುಕೊಟ್ಟೋಳೇ ಅವಳು. ನೋಡಿ, ಕಾಲಲ್ಲೇ ಇದೆ."

ಆಮೇಲೆ ಒಂದೊಂದಾಗಿ ಹೊರಬಂತು. ಯೋರುನ್ ಸತ್ತದ್ದು, ಅವಳ ಮನೆಯ ಗೋಡೆ ಕುಸಿದ ಸುದ್ದಿ ನಮಗೆ ಬರುವ ಮುಂಚಿನ ಚಳಿಗಾಲದಲ್ಲೇ. ದಿಕ್ಕಿಲ್ಲದ ಮಗುವನ್ನು ಊರಿನವರು ಯಾರು ಕಡಿಮೆಗೆ ಸಾಕುತ್ತಾರೋ ಅವರಿಗೆ ಕೊಟ್ಟರು. ಅಲ್ಲಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಹಡಗು ಬರುವ ಕಾಲಕ್ಕೆ ಗುಡ್ಡ ಹತ್ತಿ ಕೊಲ್ಲಿ ನೋಡುತ್ತಿದ್ದಳಂತೆ, ಅದಕ್ಕಾಗಿ ಹೊಡೆತವನ್ನೂ ತಿಂದಿದ್ದಳಂತೆ. ಆಮೇಲೊಂದು ವರ್ಷ ಇಲ್ಲಿಂದ ಯಾರೋ ಊರಿಗೆ ಬರೆದರು, ಆಸ್ಮುಂಡುರನಿಗೆ ಇನ್ನೊಬ್ಬ ಮಗಳು, ಹೆಸರು ಹೆರ್ದೀಸ್ ಎಂದು. ಅದನ್ನು ಕೇಳಿದ ಮೇಲೆ ಆ ಹುಡುಗಿ ಗುಡ್ಡ ಹತ್ತುವುದನ್ನು ಬಿಟ್ಟಳು.

"ನೀನೇ ಒಂದು ಕಾಗದ ಹಾಕೇ ಅಂತ ನಾವೆಲ್ಲ ಹೇಳಿದ್ವಿ," ಎಂದ ಇಲ್ಲುಗಿ. "ಸತ್ತೋರು ಕಾಗದ ಬರೆಯಲ್ಲ ಅಂದ್ಲು."

ಚಿಕ್ಕವಳು ತಂಬಿಗೆ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಓಡ್ನಿ ಅತ್ತೆ, ಹಾಗಾದ್ರೆ ನಾನ್ಯಾರು?" ಎಂದಳು.

"ನೀನು ಹಾಲು ತಂದೋಳು. ಚೆಲ್ಲಬೇಡ, ಕೆಳಗಿಡು," ಎಂದೆ.

ಸಿಗ್ನಿಗೆ ಹೇಳಿದವಳು ನಾನೇ. ಅವಳು ಹಸು ಕರೆಯುತ್ತಿದ್ದಳು. ನಾನು ಸುತ್ತಿಬಳಸದೆ ಹೇಳಿ ಮುಗಿಸಿದೆ. ಅವಳು ಕೆಚ್ಚಲು ಬಿಡಲಿಲ್ಲ, ಕೈ ತನ್ನಷ್ಟಕ್ಕೆ ಕರೆಯುತ್ತಲೇ ಇತ್ತು, ಪಾತ್ರೆ ತುಂಬಿ ಹಾಲು ನೆಲಕ್ಕೆ ಹರಿಯಿತು.

"ಕನಸಲ್ಲಿ ಅವಳು ಬಾಯೇ ಬಿಡ್ಲಿಲ್ಲ ಕಣೇ," ಎಂದಳು ಕೊನೆಗೆ. "ಹೆಸರು ಬೇಕು ಅಂತ ಕೇಳ್ಲೇ ಇಲ್ಲ. ಬಾಗಿಲಲ್ಲಿ ನಿಂತಿದ್ಲು, ಅಷ್ಟೆ. ಒಳಗೆ ಕರೀತೀನೇನೋ ಅಂತ ಕಾಯ್ತಾ ಇದ್ಲು. ನಾನು ಕರೀಲಿಲ್ಲ."

ಆಸ್ಮುಂಡುರ್ ಸುದ್ದಿ ಕೇಳಿದವನೇ ಗಾಡಿ ಕಟ್ಟಿದ. ಕುರಿಗಳನ್ನೆಲ್ಲ ಮಾರಿ, ಪಟ್ಟಣಕ್ಕೆ ಹೋಗಿ, ಹಡಗಿಗೂ ರೈಲಿಗೂ ಚೀಟಿ ಮಾಡಿಸಿ ಊರಿಗೆ ಕಳಿಸಿಕೊಟ್ಟು ಬಂದ. ಆ ಚಳಿಗಾಲವಿಡೀ ಗಂಡಹೆಂಡತಿ ಇಬ್ಬರೂ, ಬರುತ್ತಾಳೋ ಇಲ್ಲವೋ ಎಂಬ ಒಂದೇ ಯೋಚನೆಯಲ್ಲಿ ಕಳೆದರು. ಬಂದರೆ ಏನು ಹೇಳಬೇಕು ಎಂದು ಸಿಗ್ನಿ ನನ್ನೆದುರು ಹೇಳಿ ನೋಡುವಳು, ಅದು ಸರಿಯಿಲ್ಲ ಎಂದು ತಾನೇ ಬದಲಾಯಿಸುವಳು. "ಒಂದ್ಸಲ ಅಮ್ಮ ಅಂದ್ರೆ ಸಾಕು ಓಡ್ನಿ. ಬೈಯೋಕಾದ್ರೂ ಸರಿ, ಅಮ್ಮ ಅಂತ ಕರೆದು ಬೈಲಿ."

ಅವಳು ಬಂದಳು. ಬೇಸಿಗೆಯಲ್ಲಿ ರೈಲಿನಿಂದ ಇಳಿದಳು. ಎತ್ತರದ ಹುಡುಗಿ, ಮನೆಯಲ್ಲೇ ನೇಯ್ದ ಬಟ್ಟೆ, ಕುರಿಚರ್ಮದ ಕಾಲುಮೆಟ್ಟು. ಗದ್ದದ ಮೇಲೆ ಅದೇ ಗುರುತು. ಆಸ್ಮುಂಡುರ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. ಅವಳು ನಮ್ಮ ಪದ್ಧತಿಯಂತೆ ಎಲ್ಲರಿಗೂ ಒಂದೊಂದು ಮುತ್ತು ಕೊಟ್ಟಳು, ನನಗೂ ಸೇರಿಸಿ. ಆಮೇಲೆ, "ಚೆನ್ನಾಗಿದೀರಾ ಸಿಗ್ನಿಯವರೇ," ಎಂದಳು. ಚಿಕ್ಕವಳನ್ನು ಬಹಳ ಹೊತ್ತು ನೋಡಿ ಅವಳ ಜಡೆಯನ್ನು ನೇವರಿಸಿದಳು. ಗಾಡಿಯಲ್ಲಿ ಕೂತು ಕೇಳಿದ್ದು, ಹಾಲು ಕೊಡುವ ಹಸು ಎಷ್ಟಿವೆ, ಕರೆಯುವವರು ಯಾರು ಎಂದು.

ಮನೆಯಲ್ಲಿ ಸಿಗ್ನಿ ಅವಳಿಗಾಗಿ ಒಂದು ಕೋಣೆಯನ್ನೇ ತೆರವು ಮಾಡಿ, ಹೊಸ ಹಾಸಿಗೆ ಹೊಲಿದು, ಸಕ್ಕರೆ ಹಾಕಿ ಸುತ್ತಿದ ತೆಳ್ಳನೆಯ ದೋಸೆಗಳನ್ನು ಮೇಜಿನ ತುಂಬ ಜೋಡಿಸಿಟ್ಟಿದ್ದಳು. ಹುಡುಗಿ ಬಾಗಿಲಲ್ಲೇ ನಿಂತು ಸುತ್ತ ನೋಡಿದಳು. "ಕೆಲಸದವ್ರು ಎಲ್ಲಿ ಮಲಗ್ತಾರೆ?" ಎಂದು ಕೇಳಿದಳು.

ಚುಚ್ಚಬೇಕೆಂದು ಕೇಳಿದ್ದಲ್ಲ ಅದು. ಅವಳಿಗೆ ಗೊತ್ತಿದ್ದ ಪ್ರಶ್ನೆಯೇ ಅದೊಂದು, ಯಾವ ಹೊಸ ಮನೆಗೆ ಹೋದರೂ ಮೊದಲು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ. ಸಿಗ್ನಿ ಸೆರಗಿನಷ್ಟಗಲದ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಆ ಒಂದು ವರ್ಷ ಹುಡುಗಿ ಅಲ್ಲಿ ಆಳಿನ ಹಾಗೇ ಇದ್ದಳು. ಎಲ್ಲರಿಗಿಂತ ಮೊದಲು ಏಳುವಳು, ಎಲ್ಲರೂ ಉಂಡಾದ ಮೇಲೆ ಒಲೆಯ ಪಕ್ಕ ನಿಂತು ಉಣ್ಣುವಳು. ಬೆನ್ನು ಬಗ್ಗಿಸಿದರೆ ಎತ್ತುತ್ತಿರಲಿಲ್ಲ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಟುವಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿ ಇತ್ತು. ಹೆಸರಿನ ಪೇಚೂ ಬಂತು. ಆಸ್ಮುಂಡುರ್, "ದೊಡ್ಡ ಹೆರ್ದೀಸ್, ಚಿಕ್ಕ ಹೆರ್ದೀಸ್ ಅನ್ನೋಣ," ಎಂದ. ಅವನ ಲೆಕ್ಕದಲ್ಲಿ ಅದು ಬಹಳ ಉದ್ದದ ಭಾಷಣ. ಹುಡುಗಿ ತಲೆಯೆತ್ತದೆ ಹೇಳಿದಳು, "ಆ ಹೆಸರು ಮಗೂದು. ನನ್ನ ನೀವು ಏನಂತ ಕರೆದ್ರೂ ಬರ್ತೀನಿ."

ಅಂದಿನಿಂದ ಸಿಗ್ನಿಗೆ ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ ಹೋಯಿತು. ಹೆರ್ದೀಸ್ ಎಂದರೆ ಚಿಕ್ಕವಳು ಓಡಿಬರುತ್ತಾಳೆ, ದೊಡ್ಡವಳು ತಿರುಗಿಯೂ ನೋಡುವುದಿಲ್ಲ. ಮಗಳೇ ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ಸಿಗ್ನಿ ಕರೆಯುವುದನ್ನೇ ಬಿಟ್ಟಳು. ಹುಡುಗಿ ಹೊಲದ ಆ ತುದಿಯಲ್ಲಿ ಹುಲ್ಲು ಒಟ್ಟುತ್ತಿದ್ದರೆ, ಊಟಕ್ಕೆ ಬಾ ಎಂದು ಹೇಳಲು ಇವಳು ಈ ತುದಿಯಿಂದ ನಡೆದೇ ಹೋಗುವಳು. ಬಿಸಿಲಲ್ಲಿ, ಮಂಡಿನೋವು ಹೊತ್ತುಕೊಂಡು, ಹತ್ತಿರ ಹೋಗಿ ತೋಳು ಮುಟ್ಟಿ, "ಊಟಕ್ಕೆ," ಎನ್ನುವಳು. ಹುಡುಗಿ, "ಬಂದೆ ಸಿಗ್ನಿಯವರೇ," ಎನ್ನುವಳು. ಇಬ್ಬರೂ ಒಬ್ಬರ ಹಿಂದೊಬ್ಬರು ನಡೆದು ಬರುವುದು ನಮ್ಮ ಹೊಲಕ್ಕೆ ಕಾಣುತ್ತಿತ್ತು.

ದೊಡ್ಡವಳು ನಗುತ್ತಿದ್ದದ್ದು ಚಿಕ್ಕವಳ ಜೊತೆ ಮಾತ್ರ. ಆ ಮಗು ಅವಳ ಲಂಗ ಹಿಡಿದುಕೊಂಡೇ ತಿರುಗುತ್ತಿತ್ತು. ಒಂದು ದಿನ ನಮ್ಮ ಜಗಲಿಯಲ್ಲಿ ಇಬ್ಬರೂ ಕೂತು ಹೆಣೆಯುತ್ತಿದ್ದಾಗ ಚಿಕ್ಕವಳು, "ಅಕ್ಕ, ಹೆಸರು ವಾಪಸ್ ಕೊಟ್ಬಿಡ್ತೀನಿ. ನೀನೇ ಇಟ್ಕೋ. ನಾನು ಬೇರೆ ಹುಡುಕ್ಕೋತೀನಿ," ಎಂದಳು.

"ನಿನ್ನಂಥ ಕೊಳಕಿ ಹತ್ತು ವರ್ಷ ಬಳಸಿದ್ಮೇಲೆ ಯಾರಿಗೆ ಬೇಕೇ ಅದು," ಎಂದು ದೊಡ್ಡವಳು ಅವಳ ಮೂಗು ಹಿಂಡಿದಳು. ಇಬ್ಬರೂ ನಕ್ಕರು. ದೊಡ್ಡವಳ ನಗು ಥೇಟು ಸಿಗ್ನಿಯದು, ಊರಲ್ಲಿದ್ದಾಗಿನ ಸಿಗ್ನಿಯದು.

ಮರು ಬೇಸಿಗೆ ಅವಳು ವಿನಿಪೆಗ್ ಪಟ್ಟಣಕ್ಕೆ ಮನೆಗೆಲಸಕ್ಕೆ ಹೋಗುತ್ತೇನೆಂದಳು. ನಮ್ಮ ಹುಡುಗಿಯರು ಎಷ್ಟೋ ಜನ ಆಗಲೇ ಹೋಗಿದ್ದರು, ಹೊಸದೇನಲ್ಲ. ಆಸ್ಮುಂಡುರ್ ಚೀಟಿಗೆ ದುಡ್ಡು ಎಣಿಸಿಟ್ಟ. ಆದರೆ ಹೊರಡುವ ಮುಂಚಿನ ವಾರ ನದಿಯ ದಂಡೆಯಲ್ಲಿ ನಮ್ಮ ಮನೆಯ ಕುರಿಗಳ ಉಣ್ಣೆ ತೊಳೆಯುತ್ತಿದ್ದಾಗ ಸಿಗ್ನಿ ಬಾಯಿಬಿಟ್ಟಳು. ನಾನೂ ಅಲ್ಲೇ ಹಂಡೆಯ ಬೆಂಕಿ ನೋಡಿಕೊಳ್ಳುತ್ತಿದ್ದೆ. ಎದ್ದು ಹೋಗೋಣವೆಂದರೆ, "ಕೂತ್ಕೋ ಓಡ್ನಿ, ನೀನೂ ಕೇಳು," ಎಂದಳು.

"ನಿಂಗೊಂದು ಮಾತು ಹೇಳ್ಬೇಕು," ಎಂದಳು ಹುಡುಗಿಗೆ. "ನಿನ್ನ ಬಿಟ್ಟುಬಂದ್ಮೇಲೆ ನಂಗೆ ನಿದ್ದೆ ಅನ್ನೋದು ಇರ್ಲಿಲ್ಲ. ಉಂಡ್ಯೋ ಇಲ್ವೋ, ಹೊಡೀತಾರೋ, ಚಳಿಗೆ ಹೊದಿಕೆ ಇದ್ಯೋ ಅಂತ. ಆಮೇಲೆ ಆ ಕನಸು ಬಿತ್ತು. ತುಂಬಾ ಅತ್ತೆ, ಇಲ್ಲ ಅಂತಿಲ್ಲ. ಅತ್ತು ಮುಗಿದ್ಮೇಲೆ ನಿದ್ದೆ ಬಂತು ಕಣೇ. ಸತ್ತೋಳಿಗೆ ಚಳಿಯಿಲ್ಲ, ಹಸಿವಿಲ್ಲ ಅಂತ ಸಮಾಧಾನ ಆಯ್ತು. ಅದಕ್ಕೇ ಪಾದ್ರಿಗೆ ಬರೀಬೇಡ ಅಂದೆ. ನೀನು ಸತ್ತಿರೋದೇ ನಂಗೆ ಹಗುರ ಆಗಿತ್ತು. ಇದಕ್ಕೆ ಕ್ಷಮೆ ಕೇಳೋಕೂ ನಂಗೆ ಮುಖ ಇಲ್ಲ."

ಹೇಳಬಾರದ್ದನ್ನು ಹೇಳಿಬಿಟ್ಟಳು, ಇದ್ದ ಒಂದು ಎಳೆಯನ್ನೂ ತನ್ನ ಕೈಯಾರೆ ಕಡಿದುಕೊಂಡಳು ಎಂದುಕೊಂಡೆ. ಹುಡುಗಿ ನೀರಿನಲ್ಲಿದ್ದ ಉಣ್ಣೆಯನ್ನು ಹಿಂಡಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ.

"ನಾನೂ ಹಾಗೇ ಕೇಳ್ಕೋತಿದ್ದೆ," ಎಂದಳು. "ಗುಡ್ಡ ಹತ್ತಿ ಕೂತಾಗ. ನೀವಿಬ್ರೂ ಸತ್ತೋದ್ರಿ ಅಂತ ಯಾರಾದ್ರೂ ಬಂದು ಹೇಳ್ಬಾರ್ದಾ ಅಂತ. ಹೇಳಿದ್ರೆ ಇಳಿದು ಹೋಗಿ ಮಲ್ಕೋಬಹುದಿತ್ತು."

ಸಿಗ್ನಿ ಅವಳನ್ನು ನೋಡಿದಳು. ಅವಳೂ ಸಿಗ್ನಿಯನ್ನು ನೋಡಿದಳು. ಬಂದ ದಿನದಿಂದ ಇಬ್ಬರೂ ಹಾಗೆ ಕಣ್ಣಿಗೆ ಕಣ್ಣು ಕೊಟ್ಟು ನೋಡಿಕೊಂಡಿರಲಿಲ್ಲ. ಹುಡುಗಿ ಎದ್ದು ಬಂದು, ತಾಯಿಯ ಒದ್ದೆ ಕೈಗಳಿಂದ ಉಣ್ಣೆಯ ಬುಟ್ಟಿಯನ್ನು ತೆಗೆದುಕೊಂಡು, "ನೀರು ತಣ್ಣಗಿದೆ, ನೀವು ಬೆಂಕಿ ಹತ್ರ ಕೂತ್ಕೊಳ್ಳಿ," ಎಂದಳು. ಅಷ್ಟೇ. ಸಿಗ್ನಿ ಬಂದು ನನ್ನ ಪಕ್ಕ ಕೂತಳು.

ಹೊರಡುವ ಯೋಚನೆಯನ್ನು ಹುಡುಗಿ ಬಿಡಲಿಲ್ಲ. ಆ ಮಾತಿನಿಂದ ಎಲ್ಲ ಸರಿಹೋಗಿ, ಹುಡುಗಿ ಗಂಟು ಬಿಚ್ಚಿಟ್ಟು ಉಳಿದಳು ಎಂದು ಹೇಳಲು ನನಗೂ ಆಸೆಯೇ. ಹಾಗಾಗಲಿಲ್ಲ. ಹೊರಡುವ ದಿನ ನಾವೆಲ್ಲ ರೈಲಿನವರೆಗೂ ಹೋದೆವು. ಅವಳು ಬಂದ ದಿನದಂತೆಯೇ ಎಲ್ಲರಿಗೂ ಮುತ್ತು ಕೊಟ್ಟಳು. ಸಿಗ್ನಿಯ ಮುಂದೆ ಬಂದಾಗ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಳು. "ಬರ್ತೀನಿ," ಎಂದಳು. ಸಿಗ್ನಿಯವರೇ ಎನ್ನಲಿಲ್ಲ, ಬೇರೆ ಏನೂ ಎನ್ನಲಿಲ್ಲ.

ರೈಲು ಕದಲಿತು. ಚಿಕ್ಕವಳು ಅಳುತ್ತ ಕಿಟಕಿಯ ಜೊತೆಜೊತೆಗೇ ಓಡಿದಳು. ದೊಡ್ಡವಳು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಆ ಗದ್ದಲದಲ್ಲಿ ಕೂಗಿ ಹೇಳಿದಳು:

"ಹೆರ್ದೀಸ್, ಅಮ್ಮನ್ನ ಚೆನ್ನಾಗಿ ನೋಡ್ಕೋ. ಅಮ್ಮಂಗೆ ಮಂಡಿನೋವು. ಹೊಲದ ತನಕ ನಡೆಸ್ಬೇಡ."

ರೈಲು ದೂರವಾಯಿತು. ಸಿಗ್ನಿ ಅಲ್ಲಾಡದೆ ನಿಂತಿದ್ದಳು. ಆಸ್ಮುಂಡುರ್ ಗಾಡಿ ತಂದು ನಿಲ್ಲಿಸಿದರೂ ಹತ್ತಲಿಲ್ಲ. ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡು ಕೇಳಿದಳು, "ಓಡ್ನಿ, ನಿಂಗೂ ಕೇಳಿಸ್ತಾ?"

"ಕೇಳಿಸ್ತು," ಎಂದೆ.

ಗಾಡಿ ಹತ್ತಿ ಅರ್ಧ ದಾರಿ ಬಂದ ಮೇಲೆ ಮತ್ತೆ ಕೇಳಿದಳು. ನಾನು ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ, ನನ್ನ ಗಂಡನನ್ನು ಬೇಕಾದರೆ ಕೇಳಿ. ಆ ದಿನ ಮನೆ ಮುಟ್ಟುವವರೆಗೆ ಅವಳು ಎಷ್ಟು ಸಲ ಕೇಳಿದಳೋ ಅಷ್ಟು ಸಲವೂ, "ಕೇಳಿಸ್ತು ಸಿಗ್ನಿ, ಅಮ್ಮ ಅಂದ್ಲು," ಎಂದು ಹೇಳಿದೆ.